ಬೆರಗಾದವರು ಬರೆದಿಟ್ಟದ್ದು

ಮೊರಾಕ್ಕೊದ ಟ್ಯಾಂಜಿಯರ್ ಪಟ್ಟಣದಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾನಿಗೆ ನಮ್ಮ ಹೊನ್ನಾವರದ ಮೇಲೆ ಒಂದು ಸಣ್ಣ ದೂರಿತ್ತು: ಇಲ್ಲಿ ರೊಟ್ಟಿ ಸಿಗುವುದಿಲ್ಲ. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್ ಅವನನ್ನು ರಾಯಭಾರಿಯಾಗಿ ಚೀನಾಕ್ಕೆ ಕಳಿಸಿದ್ದ. ಆ ದಾರಿಯಲ್ಲಿ, 1342ರ ಆಸುಪಾಸಿನಲ್ಲಿ, ಅವನು ಮೊದಲ ಸಲ ಹೊನ್ನಾವರಕ್ಕೆ ಬಂದ. ಮುಂದೆ ಮತ್ತೆ ಬಂದು ಅಲ್ಲಿನ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿ ಹನ್ನೊಂದು ತಿಂಗಳು ಉಳಿದ. ಅಷ್ಟೂ ತಿಂಗಳು ಅನ್ನವೇ ಊಟ. ಮಾಲ್ಡೀವ್ಸ್, ಸಿಂಹಳ, ಮಲಬಾರ್, ಕೋರಮಂಡಲಗಳಲ್ಲಿ ಕಳೆದ ಮೂರು ವರ್ಷವೂ ಅದೇ ಕತೆಯಾಗಿ, ಕೊನೆಕೊನೆಗೆ ನೀರು ಕುಡಿದು ಅನ್ನವನ್ನು ಗಂಟಲಿಗೆ ಇಳಿಸಬೇಕಾಯಿತೆಂದು ತನ್ನ ಪ್ರವಾಸಕಥನದಲ್ಲಿ ಹೇಳಿಕೊಂಡಿದ್ದಾನೆ.

ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರಿಗೆ ಇದನ್ನು ಓದಿದರೆ ನಗು ಬರುತ್ತದೆ. ಬೆಳಗಿನ ದೋಸೆಯೂ ಅಕ್ಕಿಯದು, ಹತ್ತು ಗಂಟೆಯ ಗಂಜಿಯೂ ಅಕ್ಕಿಯದು, ಹಬ್ಬದ ಕಡುಬೂ ಅಕ್ಕಿಯದು. ಅನ್ನ ಉಣ್ಣುವುದರಲ್ಲಿ ಹೇಳುವಂಥದ್ದು ಏನಿದೆ? ಏನೂ ಇಲ್ಲವೆಂದೇ ಈ ಊರಿನವರು ಯಾರೂ ಅದನ್ನು ಬರೆಯಲಿಲ್ಲ. ಗೋಧಿಯ ನಾಡಿನಿಂದ ಬಂದವನಿಗೆ ಬೇಸರವಾಯಿತು, ಆದ್ದರಿಂದ ಬರೆದ. ಸುಮಾರು ಏಳು ಶತಮಾನದ ಹಿಂದೆ ಹೊನ್ನಾವರದ ಊಟ ಹೇಗಿತ್ತು ಎಂದು ಇವತ್ತು ನಮಗೆ ತಿಳಿಯುವುದಾದರೆ ಅದು ಆ ಬೇಸರದ ದಯೆ.

ಹೊಸಬರ ಬೆರಗು ಎಲ್ಲ ಕಾಲಕ್ಕೂ ಹೀಗೆಯೇ ಕೆಲಸ ಮಾಡುತ್ತದೆ. ನನ್ನ ಜೊತೆ ಎಂ.ಎ. ಓದಿದ ಗೆಳತಿಯೊಬ್ಬಳು ಈಗ ಮೆಲ್ಬರ್ನಿನಲ್ಲಿದ್ದಾಳೆ. ಹೋದ ಹೊಸತರಲ್ಲಿ ಅವಳು ಕಳಿಸುತ್ತಿದ್ದ ಸಂದೇಶಗಳ ತುಂಬ ಇಂಥ ಸುದ್ದಿಗಳೇ: ವಿದ್ಯಾರ್ಥಿಗಳು ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುತ್ತಾರೆ, ಬಸ್ಸಿಳಿಯುವವರು ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಕೆಲವರು ಬರಿಗಾಲಲ್ಲೇ ಸೂಪರ್ ಮಾರ್ಕೆಟ್ಟಿಗೆ ಬರುತ್ತಾರೆ, ಊಟಕ್ಕೆ ಕರೆದವರು 'ಬರುವಾಗ ಒಂದು ಪ್ಲೇಟ್ ತನ್ನಿ' ಎಂದರೆ ಖಾಲಿ ತಟ್ಟೆ ಒಯ್ಯಬಾರದು, ತಿನ್ನುವುದಕ್ಕೆ ಏನಾದರೂ ಮಾಡಿಕೊಂಡು ಹೋಗಬೇಕು. ಮೆಲ್ಬರ್ನಿನಲ್ಲೇ ಹುಟ್ಟಿ ಬೆಳೆದವರಿಗೆ ಈ ಪಟ್ಟಿ ಹೊಳೆಯುವುದಿಲ್ಲ. ಇನ್ನೊಂದು ಮಾತೂ ಇದೆ. ಆ ಪಟ್ಟಿ ಆಸ್ಟ್ರೇಲಿಯಾದ ಬಗ್ಗೆ ಎಷ್ಟು ಹೇಳುತ್ತದೋ ನಮ್ಮ ಬಗ್ಗೆಯೂ ಅಷ್ಟೇ ಹೇಳುತ್ತದೆ. ನಮಗೆ ಬರಿಗಾಲು ಮನೆಯೊಳಗಿನದು, ದೇವಸ್ಥಾನದ್ದು. ಗುರುಗಳ ಹೆಸರಿಗೆ 'ಸರ್' ಅಂಟಿಕೊಂಡೇ ಇರಬೇಕು. ಬೆರಗು ಒಂದು ಗಡಿಗಲ್ಲಿನ ಹಾಗೆ, ಎರಡೂ ಕಡೆಯ ಜಮೀನನ್ನು ತೋರಿಸುತ್ತದೆ.

ನನ್ನ ಪಿಎಚ್.ಡಿ. ವಿಷಯ ಈ ಕರಾವಳಿಯ ನಿತ್ಯಜೀವನ. ಉಣ್ಣುವುದು, ಕುಡಿಯುವುದು, ನೆಲ ಸಾರಿಸುವುದು, ಮಕ್ಕಳು ಓದು ಕಲಿಯುವುದು. ವಿಚಾರ ಸಂಕಿರಣವೊಂದರಲ್ಲಿ ಪ್ರಬಂಧ ಓದಿ ಮುಗಿಸಿದಾಗ ಹಿರಿಯರೊಬ್ಬರು ಕೇಳಿದರು: "ಎಲ್ಲ ಸರಿ, ಇದರಲ್ಲಿ ಇತಿಹಾಸ ಎಲ್ಲಿದೆ?" ಅವರ ಪ್ರಶ್ನೆ ಒರಟಾಗಿದ್ದರೂ ಅಡ್ಡಾದಿಡ್ಡಿಯದಲ್ಲ. ಈ ಊರುಗಳ ಇತಿಹಾಸ ಬರೆಯುವವರಿಗೆ ಸಿಗುವ ಸಾಮಗ್ರಿಯೇ ಹಾಗಿದೆ. ಭಟ್ಕಳದ ಬಸದಿಗಳಲ್ಲಿ ಶಾಸನಗಳಿವೆ, ಕೇತಪೈ ನಾರಾಯಣ ದೇವಸ್ಥಾನದ ಗೋಡೆಗಳಲ್ಲಿ ಕಣ್ಣು ಕೀಲಿಸುವ ಶಿಲ್ಪಗಳಿವೆ, ಅಘನಾಶಿನಿಯ ದಡದಲ್ಲಿ ಮಿರ್ಜಾನ್ ಕೋಟೆಯಿದೆ. ಶಾಸನ ಯಾರು ಯಾರಿಗೆ ಎಷ್ಟು ಭೂಮಿ ಬಿಟ್ಟರು, ಅದರ ಎಲ್ಲೆ ಯಾವುದು, ದಾನಕ್ಕೆ ತಪ್ಪಿದವನಿಗೆ ಯಾವ ಪಾಪ ತಟ್ಟುತ್ತದೆ ಎಂದು ಹೇಳುತ್ತದೆ. ದಾನದ ಭತ್ತ ಅನ್ನವಾಗಿ ಯಾರ ಕೈಯಿಂದ ಯಾರ ಎಲೆಗೆ ಹೇಗೆ ಬಿತ್ತು ಎಂದು ಹೇಳುವುದಿಲ್ಲ.

ಹೇಳದೆ ಇರುವುದಕ್ಕೆ ಕಾರಣ ತೀರ ಸರಳ. ಕುಮಟಾದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮಮ್ಮನ ಅಡುಗೆಮನೆಯಲ್ಲಿ ಕೂತು ಬಡಿಸುವ ಕ್ರಮವನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಅವರು ಅಂದದ್ದು ಇಷ್ಟೇ: "ಅದ್ನೆಂತಾ ಬರ್ಕತ್ಯೆ ತಂಗಿ? ದಿನಾ ಮಾಡದಲ್ದ!" ದಿನಾ ಮಾಡುವುದನ್ನು ಬರೆಯುವುದಿಲ್ಲ. ಶಾಸನ ಬರೆಸಿದ ದೊರೆಗೂ ನಮ್ಮ ಅಮ್ಮಮ್ಮನಿಗೂ ಈ ಒಂದು ವಿಷಯದಲ್ಲಿ ಪೂರ್ತಿ ಒಮ್ಮತ.

ಹಾಗಾಗಿ ಹೊರಗಿನವರ ಕಡೆ ತಿರುಗಬೇಕು. ಇಬ್ನ್ ಬತೂತಾ ಜಮಾಲುದ್ದೀನನ ಮನೆಯ ಊಟವನ್ನು ಬಡಿಸಿದ ಕ್ರಮದಲ್ಲೇ ವಿವರಿಸುತ್ತಾನೆ. ತಾಮ್ರದ ಒಂದು ಪೀಠ, ಅದರ ಮೇಲೆ ತಾಮ್ರದ ಹರಿವಾಣ. ಅದನ್ನು ಇಲ್ಲಿಯವರು 'ತಾಲಂ' ಎನ್ನುತ್ತಾರೆಂದು ಹೆಸರನ್ನೂ ಕೇಳಿ ಬರೆದುಕೊಂಡಿದ್ದಾನೆ. ನಮ್ಮ 'ತಳಿಗೆ', 'ತಾಲಿ'ಗಳ ನೆಂಟನಿರಬೇಕು ಈ ಪದ. ರೇಷ್ಮೆ ಉಟ್ಟ ದಾಸಿಯೊಬ್ಬಳು ದೊಡ್ಡ ತಾಮ್ರದ ಸೌಟಿನಿಂದ ಅನ್ನ ಬಡಿಸಿ ಮೇಲೆ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಗೊಂಚಲು ಗೊಂಚಲಾಗಿಯೇ ಉಪ್ಪಿನಲ್ಲಿ ಹಾಕಿದ ಹಸಿ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಅದರ ಹಿಂದೆ ಒಂದು ಚೂರು ಉಪ್ಪಿನಕಾಯಿ. ಮತ್ತೆ ಒಂದು ಸೌಟು ಅನ್ನ, ಅದರ ಜೊತೆ ಕೋಳಿ. ಮತ್ತೆ ಅನ್ನ, ಜೊತೆಗೆ ಬಗೆಬಗೆಯ ಮೀನು. ಮತ್ತೆ ಅನ್ನ, ತುಪ್ಪದಲ್ಲಿ ಬೇಯಿಸಿದ ತರಕಾರಿ. ಕಡೆಗೆ ಹೆಪ್ಪುಗಟ್ಟಿದ ಹಾಲಿನ ಒಂದು ಪದಾರ್ಥ, ಅಂದರೆ ಮೊಸರು ಇಲ್ಲವೇ ಮಜ್ಜಿಗೆ. ಅದು ಬಂತೆಂದರೆ ಇನ್ನೇನೂ ಬರುವುದಿಲ್ಲ ಎಂದು ಅರ್ಥ. ಆಮೇಲೆ ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲವೆಂದು.

ಮಜ್ಜಿಗೆ ಬಂತು ಎಂದರೆ ಊಟ ಮುಗಿಯಿತು ಎಂಬ ಗುರುತು ಇವತ್ತಿಗೂ ಹೊನ್ನಾವರದ ಯಾವ ಮದುವೆ ಮನೆಯ ಪಂಕ್ತಿಯಲ್ಲೂ ನಡೆಯುತ್ತದೆ. ಮಳೆಗಾಲದಲ್ಲಿ ಬಿಸಿನೀರು ಕೊಡುವ ಮನೆಗಳೂ ಇವೆ. ಭರಣಿಯಲ್ಲಿ ಉಪ್ಪುನೀರಲ್ಲಿ ಮುಳುಗಿದ ಮಾವಿನಮಿಡಿ ಘಟ್ಟದ ಮೇಲೂ ಕೆಳಗೂ ಮನೆಮನೆಯ ಆಸ್ತಿ. ಆದರೆ ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. "ನೋಡಿ, ಏಳು ನೂರು ವರ್ಷದಿಂದ ಏನೂ ಬದಲಾಗಿಲ್ಲ" ಎಂದು ಹೇಳಿಬಿಡುವ ಆಸೆ ನಮ್ಮಂಥ ಸಂಶೋಧಕರಿಗೆ ಬಲವಾಗಿರುತ್ತದೆ. ಬತೂತಾನ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಅಲ್ಲಿ ಮೆಣಸಿನಕಾಯಿ ಇಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗುಗಳಲ್ಲಿ ಈ ತೀರಕ್ಕೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಗೋಡಂಬಿ, ಅನಾನಸು, ಟೊಮೆಟೊ, ಬಟಾಟೆ ಯಾವುದೂ ಆಗ ಇರಲಿಲ್ಲ. ಮೀನುಸಾರಿನ ಕೆಂಪು ಬಣ್ಣವಿಲ್ಲದ ಹೊನ್ನಾವರವನ್ನು ಊಹಿಸಿಕೊಳ್ಳಿ. ಬಾಯಿಗೆ ಖಾರ ಬೇಕಾದರೆ ಕಾಳುಮೆಣಸು ಮತ್ತು ಶುಂಠಿ, ಅಷ್ಟೆ. ಉಣ್ಣುವ ಪದಾರ್ಥಗಳು ಬಹಳಷ್ಟು ಬದಲಾದವು. ಅವು ಬರುವ ಸರದಿ, ತುಪ್ಪದಿಂದ ಶುರುವಾಗಿ ಮಜ್ಜಿಗೆಯಲ್ಲಿ ಮುಗಿಯುವ ಆ ದಾರಿ, ಹೆಚ್ಚು ಗಟ್ಟಿಯಾಗಿ ಉಳಿಯಿತು. ಈ ವ್ಯತ್ಯಾಸ ಗಮನಕ್ಕೆ ಬಂದಾಗ ನಿತ್ಯಜೀವನಕ್ಕೂ ಒಂದು ಇತಿಹಾಸವಿದೆಯೆಂದು ಖಾತ್ರಿಯಾಗುತ್ತದೆ.

ಅದೇ ಅಕ್ಕಿಯನ್ನು ಇನ್ನೊಬ್ಬ ಪರದೇಶಿ ಹೇಗೆ ಕಂಡ ನೋಡಿ. 1516ರ ಸುಮಾರಿಗೆ ತನ್ನ ಗ್ರಂಥ ಮುಗಿಸಿದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ ಭಟ್ಕಳವನ್ನು ದೊಡ್ಡ ವ್ಯಾಪಾರದ ಊರೆಂದು ವರ್ಣಿಸುತ್ತಾನೆ. ಹೋರ್ಮುಜ್‌ನಿಂದ ಕುದುರೆ ಬರುತ್ತದೆ. ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತವೆ. ಉತ್ತರಕ್ಕೆ ಹೊನ್ನಾವರ, ಮಿರ್ಜಾನಿನ ಕಡೆಯಿಂದ ಅಗ್ಗದ ಕಪ್ಪಕ್ಕಿಯನ್ನು ಮಲಬಾರಿನ ದೋಣಿಗಳು ತುಂಬಿಕೊಂಡು ಹೋಗುತ್ತವೆ. ಬಾರ್ಬೋಸಾಗೆ ಅಕ್ಕಿ ಒಂದು ಸರಕು. ಬತೂತಾನಿಗೆ ಅದೊಂದು ಊಟ. ಒಬ್ಬ ಬಂದರಿನ ಕಟ್ಟೆಯ ಮೇಲೆ ನಿಂತು ನೋಡಿದ, ಇನ್ನೊಬ್ಬ ಹರಿವಾಣದ ಮುಂದೆ ಕೂತು ನೋಡಿದ. ನಮ್ಮ ಪಠ್ಯಪುಸ್ತಕಗಳು ಬಂದರುಕಟ್ಟೆಯ ನೋಟವನ್ನೇ ಹೆಚ್ಚು ನಂಬಿವೆ. ಭಟ್ಕಳ ಎಂದರೆ ಕುದುರೆ ವ್ಯಾಪಾರ, ಗೇರುಸೊಪ್ಪೆ ಎಂದರೆ ಮೆಣಸು, ಕುಮಟಾ ಎಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯಿಂದ ಘಟ್ಟ ಇಳಿದು ಹಡಗು ಹತ್ತುತ್ತಿದ್ದ ಹತ್ತಿ. ಎಲ್ಲವೂ ನಿಜ. ಊರು ಮಾತ್ರ ಗೋದಾಮಿನ ಹಾಗೆ ಕಾಣುತ್ತದೆ, ಮನೆಯ ಹಾಗೆ ಕಾಣುವುದಿಲ್ಲ.

ಬತೂತಾನಿಗೆ ಹೊನ್ನಾವರದಲ್ಲಿ ಊಟಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಶಾಲೆಗಳು. ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವು ಎನ್ನುತ್ತಾನೆ. ಇಲ್ಲಿಯ ಮುಸ್ಲಿಂ ಹೆಂಗಸರಿಗೆ ಕುರಾನ್ ಬಾಯಿಪಾಠ. ಹೊಲಿದ ಬಟ್ಟೆ ತೊಡುವುದಿಲ್ಲ. ಉದ್ದದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ಎದೆ ಮತ್ತು ತಲೆಯ ಮೇಲೆ ಹೊದೆಯುತ್ತಾರೆ. ಮೂಗಿಗೆ ಬಂಗಾರದ ಉಂಗುರ. ಇಂಥ ಶಾಲೆಗಳನ್ನು ತಾನು ಬೇರೆಲ್ಲೂ ಕಾಣಲಿಲ್ಲ ಎಂಬುದು ಅವನ ಮಾತಿನ ಸಾರ. ಆಫ್ರಿಕದ ತುದಿಯಿಂದ ಅರೇಬಿಯಾ, ಪರ್ಷಿಯಾ, ಮಧ್ಯ ಏಷ್ಯಾ, ದಿಲ್ಲಿಗಳನ್ನು ಸುತ್ತಿ ಬಂದವನ ಬಾಯಲ್ಲಿ ಇದು ಸಣ್ಣ ಮಾತಲ್ಲ.

ಈ ಲೆಕ್ಕವನ್ನು ಹಿಡಿಯುವಾಗಲೂ ಕೈ ಸ್ವಲ್ಪ ಸಡಿಲ ಇರಬೇಕು. ಬತೂತಾ ತನ್ನ ಕಥನವನ್ನು ಊರಿಗೆ ಮರಳಿದ ಮೇಲೆ ಇಬ್ನ್ ಜುಝಯ್ ಎಂಬ ವಿದ್ವಾಂಸನಿಗೆ ನೆನಪಿನಿಂದ ಹೇಳಿ ಬರೆಸಿದ. ಅದು ಮುಗಿದದ್ದು 1355ರಲ್ಲಿ. ಆದರೂ ಅವನು ಸುಲಭಕ್ಕೆ ಮೆಚ್ಚುವ ಮನುಷ್ಯನಲ್ಲ. ಇಲ್ಲಿಂದ ಮಾಲ್ಡೀವ್ಸಿಗೆ ಹೋಗಿ ಖಾಜಿಯಾದಾಗ ಅಲ್ಲಿಯ ಹೆಂಗಸರ ಉಡುಗೆ ಅವನಿಗೆ ಹಿಡಿಸಲಿಲ್ಲ, ಬದಲಿಸಲು ಹೊರಟು ಸೋತ. ಅಂಥವನು ಹೊನ್ನಾವರದ ಹೆಣ್ಣುಮಕ್ಕಳ ಶಾಲೆಗಳನ್ನು ನೆನಪಿಟ್ಟುಕೊಂಡು ಹೇಳಿದ್ದಾನೆ ಎಂದರೆ, ಸಂಖ್ಯೆಯಲ್ಲಿ ಒಂದೆರಡು ಆಚೀಚೆ ಆಗಿರಬಹುದಾದರೂ, ಸಂಗತಿ ಅವನ ಮನಸ್ಸಿನಲ್ಲಿ ನಾಟಿತ್ತು. ಜಮಾಲುದ್ದೀನ ತಾನು 'ಹರ್ಯಬ್' ಎಂಬ ದೊರೆಗೆ ಅಧೀನನಾಗಿದ್ದನೆಂದೂ ಕಥನ ಹೇಳುತ್ತದೆ. ವಿಜಯನಗರದ ಮೊದಲನೆಯ ಹರಿಹರನೇ ಈ ಹರ್ಯಬ್ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಹಿಂದೂ ದೊರೆಯ ಕೆಳಗಿನ ಮುಸ್ಲಿಂ ಸುಲ್ತಾನನ ಬಂದರಿನಲ್ಲಿ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಓದಲು ಹೋಗುತ್ತಿದ್ದ ಒಂದು ಬೆಳಗು ಈ ತೀರದ ಇತಿಹಾಸದಲ್ಲಿದೆ. ಭಟ್ಕಳ, ಹೊನ್ನಾವರಗಳ ಹೆಸರು ಕೇಳಿದೊಡನೆ ಹುಬ್ಬೇರಿಸುವ ಇವತ್ತಿನ ದಿನಗಳಲ್ಲಿ ಈ ಒಂದು ಸಾಲಿನ ಬೆಲೆ ನನಗೆ ಇನ್ನೂ ಹೆಚ್ಚಾಗಿ ಕಾಣುತ್ತದೆ.

ಬತೂತಾ ಹೋದ ಸುಮಾರು 280 ವರ್ಷಗಳ ಮೇಲೆ, 1623ರ ಅಕ್ಟೋಬರಿನಲ್ಲಿ, ರೋಮಿನ ಶ್ರೀಮಂತ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಲ್ಲಿ ಇಳಿದ. ಆಗ ಅಲ್ಲಿಯ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಇವನೂ ಬಂದಿದ್ದ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಆನಿಯ ದೇಹವನ್ನು ಕೆಡದಂತೆ ಕಾಪಿಟ್ಟು, ರೋಮಿನಲ್ಲಿ ಮಣ್ಣು ಮಾಡಬೇಕೆಂದು ವರ್ಷಗಟ್ಟಲೆ ಜೊತೆಗೆ ಒಯ್ದ ವಿಚಿತ್ರ ಮನುಷ್ಯ ಅವನು. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊಗೆ ಪತ್ರ ಬರೆಯುತ್ತಿದ್ದ. ಹೊನ್ನಾವರದ ರಾಮತೀರ್ಥವನ್ನು ನೋಡಿದ; ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದ. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆಯುತ್ತಿದ್ದ ಚೆನ್ನಭೈರಾದೇವಿಯ ಆ ಪಟ್ಟಣ ಅಷ್ಟರಲ್ಲೇ ಪಾಳುಬಿದ್ದಿತ್ತು. ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ.

ಈ ಪಯಣದ ಪತ್ರದಲ್ಲಿ ಅವನು ಸಗಣಿ ಸಾರಿಸಿದ ನೆಲದ ಬಗ್ಗೆ ಬರೆದದ್ದು ನನಗೆ ಬಹಳ ಇಷ್ಟ. ಭಾರತದಲ್ಲಿ ಎಲ್ಲೆಡೆ ಹೀಗೆ ಮಾಡುವುದನ್ನು ಕಂಡು ಇದೊಂದು ಮೂಢ ಧಾರ್ಮಿಕ ಆಚರಣೆಯೆಂದು ಅವನು ಮೊದಲು ಭಾವಿಸಿದ್ದ. ಹತ್ತಿರದಿಂದ ನೋಡಿದಾಗ ಅಭಿಪ್ರಾಯ ಬದಲಾಯಿತು: ಮಣ್ಣಿನ ನೆಲ ನುಣುಪಾಗಿ, ಚಂದವಾಗಿ ಕಾಣಲಿ ಎಂದೂ ಹೀಗೆ ಮಾಡುತ್ತಾರೆ, ಗೋವೆಯ ಪೋರ್ಚುಗೀಸರೇ ತಮ್ಮ ಮನೆಗಳಲ್ಲಿ ಮಾಡಿಸುತ್ತಾರೆ. ಇಂಥ ನೆಲ ಪ್ಲೇಗಿಗೆ ಒಳ್ಳೆಯದೆಂಬ ಮಾತು ಕೇಳಿದ್ದರಿಂದ ಊರಿಗೆ ಹೋದ ಮೇಲೆ ಇಟಲಿಯಲ್ಲೂ ಮಾಡಿಸಿ ನೋಡಬೇಕು ಎಂದು ಗಂಭೀರವಾಗಿ ಬರೆದಿದ್ದಾನೆ. ಗೋಮಯ ಹಚ್ಚಿದ ರೋಮಿನ ಅರಮನೆಯನ್ನು ನೆನೆದರೆ ಯಾರಿಗೂ ನಗು ಬರುತ್ತದೆ. ಆದರೆ ಆ ಸಾಲಿನ ಹಿಂದೆ ಯುರೋಪಿನ ಊರೂರನ್ನು ಬರಿದು ಮಾಡುತ್ತಿದ್ದ ಪ್ಲೇಗಿನ ಭಯವಿದೆ. ನಮ್ಮ ನೆಲದಲ್ಲಿ ಅವನು ಕಂಡದ್ದು ತನ್ನ ಮನೆಯ ಆತಂಕಕ್ಕೆ ಒಂದು ಮದ್ದು.

ಘಟ್ಟದ ದಾರಿಯಲ್ಲಿ ಹೊರೆಗಳನ್ನು ಸಜ್ಜುಮಾಡುವ ತನಕ ಕಾಯುತ್ತ ಅವನು ಒಂದು ದೇಗುಲದ ಜಗಲಿಯಲ್ಲಿ ಕೂತಿದ್ದ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು, ಮೇಷ್ಟ್ರು ಇರಲಿಲ್ಲ. ಒಬ್ಬ ರಾಗವಾಗಿ ಪಾಠದ ಒಂದು ಭಾಗ ಹೇಳುತ್ತ ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿಂದ ಅಂಕಿ ಬರೆಯುವುದು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವುದು. ಜಾಗ ತುಂಬಿದಾಗ ಅಳಿಸಿ, ಪಕ್ಕದ ಸಣ್ಣ ರಾಶಿಯಿಂದ ಹೊಸ ಮರಳು ಹರಡುವುದು. ಕಾಗದದ ಖರ್ಚಿಲ್ಲ. ಮರೆತುಹೋದರೆ ಯಾರು ಹೇಳಿಕೊಡುತ್ತಾರೆ ಎಂದು ಅವನು ಕೇಳಿದ. ನಾಲ್ವರೂ ಒಂದೇ ಜಾಗ ಮರೆಯುವುದು ಸಾಧ್ಯವೇ ಇಲ್ಲ, ಒಬ್ಬ ಮರೆತರೆ ಇನ್ನೊಬ್ಬ ನೆನಪಿಸುತ್ತಾನೆ ಎಂಬ ಉತ್ತರ ಬಂತು. ಈ ಉಪಾಯ ಸುಲಭ, ಸುಂದರ, ಭದ್ರ ಎಂದು ದೆಲ್ಲಾ ವಾಲೆ ತಲೆದೂಗಿದ.

'ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು' ಎಂದು ಸಂಜೆ ದೀಪದ ಮುಂದೆ ಮಗ್ಗಿ ಹೇಳಿದವರಿಗೆ ಆ ರಾಗ ಕಿವಿಯಲ್ಲಿ ಕೇಳಿಸುತ್ತದೆ. ಇಂಥ ಕಲಿಕೆ ಮುಂದೆ ದೂರ ಪ್ರಯಾಣ ಮಾಡಿತು. ಹದಿನೆಂಟನೆಯ ಶತಮಾನದ ಕೊನೆಗೆ ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿಯನ್ನು ರೂಪಿಸಿದ. 1797ರಲ್ಲಿ ಅದರ ವರದಿಯನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ. 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಅಲ್ಲಿಯ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು. ದೆಲ್ಲಾ ವಾಲೆಯ ಆ ಜಗಲಿ ಇಂಥದ್ದರ ಬಗ್ಗೆ ನಮಗಿರುವ ಹಳೆಯ, ಕಣ್ಣಾರೆ ಕಂಡ ಚಿತ್ರಗಳಲ್ಲಿ ಒಂದು. ಹುಡುಗರ ಹೆಸರು ಅವನು ಬರೆಯಲಿಲ್ಲ. ಅವರ ಅಂಕಿಗಳು ಮರಳಿನಲ್ಲೇ ಅಳಿಸಿಹೋದವು.

ಇಲ್ಲಿಯ ತನಕ ಎಲ್ಲವೂ ಹಿತವಾಗಿದೆ. ಈಗ ನೀರಿನ ವಿಷಯ. ಪಾತ್ರೆಯನ್ನು ತುಟಿಗೆ ತಾಗಿಸದೆ ಎತ್ತಿ ಹಿಡಿದು ಕುಡಿಯುವುದನ್ನು ದೆಲ್ಲಾ ವಾಲೆ ಭಾರತಕ್ಕೆ ಬಂದ ಹೊಸತರಲ್ಲೇ ಕಲಿತಿದ್ದ. ಅಭ್ಯಾಸವಿಲ್ಲದವರು ಮೈಮೇಲೆ ಚೆಲ್ಲಿಕೊಂಡು, ನೆತ್ತಿಗೇರಿ ಕೆಮ್ಮುತ್ತಿದ್ದರು. ಅದು ಅವನ ಗೆಳೆಯರ ನಡುವೆ ನಗುವಿನ ಆಟವಾಗಿತ್ತು. ನಮ್ಮಲ್ಲಿಗೆ ಬರುವ ಹೊಸಬರಿಗೆ ಇವತ್ತೂ ಅದೇ ಪೇಚು. ಆದರೆ ಬತೂತಾ ಇದೇ ನೀರನ್ನು ಬೇರೆ ಕಡೆಯಿಂದ ಕಂಡಿದ್ದ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿ ದಾರಿಯ ಉದ್ದಕ್ಕೂ ಮರಗಳ ನೆರಳು, ಸ್ವಲ್ಪ ಸ್ವಲ್ಪ ದೂರಕ್ಕೆ ದಣಿವಾರಿಸಿಕೊಳ್ಳಲು ಕಟ್ಟಿಗೆಯ ಮನೆ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ದಾರಿಹೋಕರಿಗೆ ಇಂಥ ಉಪಚಾರ ಕಂಡು ಮೆಚ್ಚಿದ ಅವನೇ, ಹಿಂದೂಗಳಿಗೆ ಪಾತ್ರೆಯಲ್ಲಿ ಕೊಡುವ ನೀರನ್ನು ಮುಸ್ಲಿಮರಿಗೆ ಬೊಗಸೆಗೆ ಹೊಯ್ಯುತ್ತಾರೆ ಎಂದು ಗುರುತಿಸಿದ. ಊಟ ಕೊಟ್ಟರೂ ಬಾಳೆಲೆಯಲ್ಲಿ. ತಮ್ಮ ಪಾತ್ರೆಯಲ್ಲಿ ಉಣ್ಣಗೊಡುವುದಿಲ್ಲ.

ಒಬ್ಬನಿಗೆ ಆಟವಾಗಿದ್ದು ಇನ್ನೊಬ್ಬನಿಗೆ ಗೆರೆಯಾಗಿತ್ತು. ಎತ್ತಿ ಕುಡಿಯುವ ಲೋಟ ಎಂಜಲಿನ ಅಚ್ಚುಕಟ್ಟನ್ನು ಕಾಯುತ್ತದೆ, ಸರಿ. ಅದರ ಜೊತೆಗೇ ಯಾರು ಯಾವ ಪಾತ್ರೆ ಮುಟ್ಟಬಹುದು ಎಂಬ ಲೆಕ್ಕವನ್ನೂ ಅದು ಕಾಯ್ದುಕೊಂಡು ಬಂದಿದೆ. ಬೊಗಸೆಗೆ ಹೊಯ್ಯುವ ನೀರು ಬರಿಯ ಪರದೇಶಿಗಳಿಗೆ ಮೀಸಲಾಗಿರಲಿಲ್ಲ. ಈ ನಾಡಿನಲ್ಲೇ ಹುಟ್ಟಿದ ಎಷ್ಟೋ ಜನ ತಲೆಮಾರುಗಳುದ್ದಕ್ಕೂ ಅಂಗಳದಲ್ಲಿ ಬೊಗಸೆಯೊಡ್ಡಿ ನಿಂತರು. 'ನಮ್ಮ ಕಡೆ ಬಂದವರಿಗೆ ಮೊದಲು ಆಸರಿಗೆ ಕೊಡುತ್ತೇವೆ, ಬೆಲ್ಲ ನೀರು ಕೊಡುತ್ತೇವೆ' ಎಂದು ನಾವು ಹೆಮ್ಮೆಯಿಂದ ಹೇಳುವಾಗ, ಯಾವ ಲೋಟದಲ್ಲಿ, ಎಲ್ಲಿ ಕೂರಿಸಿ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ. ನಿತ್ಯಜೀವನದ ಇತಿಹಾಸ ಊರಿನ ಸವಿನೆನಪುಗಳ ಪಟ್ಟಿಯಾಗಿಬಿಡದಂತೆ ತಡೆಯುವುದು ಇಂಥ ಪ್ರಶ್ನೆಯೇ.

ಮೂರನೆಯ ಮುಖ್ಯ ಸಾಕ್ಷಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಗೆ ಸಿಕ್ಕ ಸೀಮೆಗಳ ಬೆಳೆ, ಕಸುಬು, ಕಂದಾಯಗಳನ್ನು ಸಮೀಕ್ಷೆ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. 1801ರ ಆರಂಭದಲ್ಲಿ ಅವನು ಮಂಗಳೂರಿನಿಂದ ಉತ್ತರಕ್ಕೆ ಬಂದು ಭಟ್ಕಳ, ಹೊನ್ನಾವರ, ಕುಮಟಾ, ಮಿರ್ಜಾನ್, ಗೋಕರ್ಣಗಳನ್ನು ಹಾದುಹೋದ. ಮೂರು ಸಂಪುಟಗಳ ಅವನ ವರದಿ 1807ರಲ್ಲಿ ಅಚ್ಚಾಯಿತು. ಬುಕಾನನ್ ಸುಲಭಕ್ಕೆ ಬೆರಗಾಗುವವನಲ್ಲ, ಅಳೆಯುವವನು. ಹಾಗಿದ್ದರೂ ಎರಡು ಕಡೆ ಅವನ ಲೇಖನಿ ಸ್ವಲ್ಪ ತಡೆದಿದೆ. ಒಂದು, ಹೈಗದ ಬ್ರಾಹ್ಮಣರು, ಅಂದರೆ ಹವ್ಯಕರು, ತೋಟದ ಕೆಲಸವನ್ನು ಸ್ವತಃ ಮೈಬಗ್ಗಿಸಿ ಮಾಡುತ್ತಾರೆ ಎಂಬುದು ಅವನಿಗೆ ಬರೆದಿಡುವಷ್ಟು ವಿಶೇಷವಾಗಿ ಕಂಡಿತು. ಇನ್ನೊಂದು ಭಟ್ಕಳದ ವಿಷಯ. ಊರಲ್ಲಿ 500 ಮನೆಗಳು. ಇಲ್ಲಿಯ ಮುಸ್ಲಿಮರಲ್ಲಿ ಅನೇಕರು ಅನುಕೂಲಸ್ಥರು. ವ್ಯಾಪಾರಕ್ಕೆಂದು ಕರಾವಳಿಯ ಬೇರೆ ಬೇರೆ ಊರಿಗೆ ಹೋಗುತ್ತಾರೆ. ಆದರೆ ಮನೆಯೆಂದರೆ ಇದೇ, ಹೆಂಡತಿ ಮಕ್ಕಳನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆ.

ದುಬೈ, ಜೆದ್ದಾಗಳಲ್ಲಿ ದುಡಿಯುತ್ತ, ರಜೆಗೆ ಊರಿಗೆ ಬರುವ, ನವಾಯತಿ ಮಾತಾಡುವ ಭಟ್ಕಳದ ಗಂಡಸರನ್ನು ಬಲ್ಲವರಿಗೆ ಈ ವಾಕ್ಯ ಇಂದಿನ ವರದಿಯಂತೆ ಕೇಳಿಸುತ್ತದೆ. ಗಲ್ಫಿನ ಎಣ್ಣೆಯಿಂದ ಹುಟ್ಟಿದ ಹೊಸ ವಲಸೆ ಎಂದು ನಾವು ಕರೆಯುವುದಕ್ಕೆ ಅಡಿಯಲ್ಲಿ ಒಂದು ಹಳೆಯ ರೂಢಿ ಇತ್ತು. ಗಂಡಸರು ಕಡಲು ದಾಟುವುದು, ಹೆಂಗಸರು ಮನೆ, ಓಣಿ, ಊರನ್ನು ನಡೆಸುವುದು. ಹಡಗಿನ ಬದಲು ವಿಮಾನ ಬಂತು. ಕಾಯುವ ಮನೆ ಅದೇ ಊರಿನಲ್ಲಿ ಉಳಿಯಿತು.

ಈ ನಾಲ್ವರನ್ನೂ ಒಟ್ಟಿಗೆ ಇಟ್ಟು ಓದುವಾಗ ಕಲಿತದ್ದು ಒಂದಿದೆ: ಅವರು ಯಾವುದಕ್ಕೆ ಬೆರಗಾಗಲಿಲ್ಲ ಎಂಬುದನ್ನೂ ಓದಬೇಕು. ಅನ್ನ ಬಡಿಸಿದ ದಾಸಿಯ ರೇಷ್ಮೆ ಬತೂತಾನ ಕಣ್ಣಿಗೆ ಬಿತ್ತು. ಅವಳು ದಾಸಿಯಾಗಿದ್ದಳೆಂಬುದು ಅವನಿಗೆ ವಿಶೇಷವೆನಿಸಲಿಲ್ಲ, ಏಕೆಂದರೆ ದಾಸಿಯರನ್ನು ಕೊಂಡು ಇಟ್ಟುಕೊಳ್ಳುವುದು ಅವನ ಬದುಕಿನಲ್ಲೂ ಮಾಮೂಲಾಗಿತ್ತು. ದೆಲ್ಲಾ ವಾಲೆ ನೆಲದ ನುಣುಪು ಕಂಡ. ದಿನವೂ ನಸುಕಿನಲ್ಲಿ ಎದ್ದು ಸಗಣಿ ಕಲಸಿ, ಸೊಂಟ ಬಗ್ಗಿಸಿ ಸಾರಿಸಿದ ಕೈಗಳು ಅವನ ಪತ್ರದಲ್ಲಿ ಇಲ್ಲ. ಬುಕಾನನ್ ಮಾತ್ರ ಕರಾವಳಿಯ ಕೂಲಿಯಾಳು, ಜೀತದಾಳುಗಳಿಗೆ ಏನು ಸಿಗುತ್ತದೆ ಎಂದು ಲೆಕ್ಕ ಬರೆದ. ಬೆರಗಿನವರು ಕಾಣದವರನ್ನು ಲೆಕ್ಕದವನು ಕಂಡ, ಅದೂ ಖರ್ಚಿನ ಬಾಬ್ತಾಗಿ. ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರಿಗೆ ಒಡ್ಡು ಕಟ್ಟಿ ಕಗ್ಗದ ಭತ್ತ ಬೆಳೆದವರು, ಬುಟ್ಟಿ ಹೊತ್ತು ಮೀನು ಮಾರಿದವರು, ಬೆಟ್ಟದ ತಪ್ಪಲಿನ ಹಾಲಕ್ಕಿಗಳು ತಮ್ಮ ದಿನವನ್ನು ತಾವೇ ಬರೆಯಲಿಲ್ಲ. ಬಂದವರೂ ಅವರ ಅಂಗಳದ ತನಕ ಹೋಗಲಿಲ್ಲ. ಬೆರಗಿನ ದೀಪ ಅದನ್ನು ಹಿಡಿದವನು ಕೂತಲ್ಲಿ ಮಾತ್ರ ಬೆಳಕು ಚೆಲ್ಲುತ್ತದೆ.

ಸಂಕಿರಣದ ಆ ಹಿರಿಯರ ಪ್ರಶ್ನೆಗೆ ಈಗ ನನ್ನಲ್ಲೊಂದು ಉತ್ತರವಿದೆ. ಬಡಿಸುವ ಸೌಟು ಯಾರ ಕೈಯಲ್ಲಿದೆ, ನೀರು ಪಾತ್ರೆಗೆ ಬೀಳುತ್ತದೋ ಬೊಗಸೆಗೋ, ಹುಡುಗಿಯರು ಶಾಲೆಗೆ ಹೋಗುತ್ತಾರೋ ಇಲ್ಲವೋ, ದೂರ ಹೋದವರ ಮನೆಯನ್ನು ಯಾರು ನಡೆಸುತ್ತಾರೆ, ಇವಕ್ಕಿಂತ ಗಟ್ಟಿಯಾದ ಇತಿಹಾಸ ನನಗೆ ಗೊತ್ತಿಲ್ಲ. ರಾಜ್ಯಗಳು ಬಂದು ಹೋದದ್ದು ಇವುಗಳ ಮೇಲಿಂದಲೇ. ಜಮಾಲುದ್ದೀನನ ಹೊನ್ನಾವರ, ಚೆನ್ನಭೈರಾದೇವಿಯ ಗೇರುಸೊಪ್ಪೆ, ಪೋರ್ಚುಗೀಸರ ಕೋಟೆ, ಕೆಳದಿ, ಹೈದರ್, ಕಂಪನಿ ಎಲ್ಲ ಹೋದ ಮೇಲೂ ಮಜ್ಜಿಗೆ ಕೊನೆಗೇ ಬರುತ್ತಿದೆ.

ಅದು ಇನ್ನೆಷ್ಟು ದಿನ ಬರುತ್ತದೋ. ನಮ್ಮ ಕಡೆಯ ಮನೆಗಳ ನೆಲಕ್ಕೆ ಈಗ ಟೈಲ್ಸ್ ಬಂದಿದೆ. ಅಡಿಕೆ ಒಣಗಿಸುವ ಅಂಗಳಕ್ಕೂ ಸಿಮೆಂಟು ಬೀಳುತ್ತಿದೆ. ಮಗ್ಗಿಯನ್ನು ಮೊಬೈಲು ಹೇಳುತ್ತದೆ. ಮದುವೆ ಮನೆಯಲ್ಲಿ ಬಫೆ ಬಂದಲ್ಲಿ ಬಡಿಸುವ ಸರದಿಯೇ ಇಲ್ಲ, ಐಸ್ ಕ್ರೀಮಿನಿಂದ ಶುರು ಮಾಡಿದರೂ ಕೇಳುವವರಿಲ್ಲ. ಇದಕ್ಕೆ ನಾನು ಮರುಗುತ್ತ ಕೂರುವುದಿಲ್ಲ. ಸಗಣಿ ಸಾರಿಸಿ ಬೆನ್ನು ಬಾಗಿದವರನ್ನು ಕೇಳಿದರೆ ಟೈಲ್ಸೇ ವಾಸಿ ಎನ್ನುತ್ತಾರೆ. ಆದರೆ ಬಿಟ್ಟುಹೋಗುವ ಮೊದಲು ಬರೆದಿಡುವವರು ಯಾರು? ಮತ್ತೊಬ್ಬ ಬತೂತಾನಿಗೆ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಮೊದಲು ಏನು ಬಡಿಸುತ್ತಾರೆ, ಕೊನೆಗೆ ಏನು, ಯಾರು ಬಡಿಸುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ, ಹೊರಗಿನವರಿಗೆ ಇಡುವ ಲೋಟ ಬೇರೆ ಇತ್ತೇ ಎಂದು ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ ಇಡಿ. ದಿನಾ ಮಾಡುವುದಲ್ಲವೇ ಎಂದು ಮನೆಯವರು ನಗಬಹುದು. ಇದನ್ನೆಲ್ಲ ಓದಿ ಹುಬ್ಬೇರಿಸುವ ಮುಂದಿನ ಹೊಸಬರು ಹಡಗು ಹತ್ತಿ ಬರಬೇಕಾಗಿಲ್ಲ. ಇದೇ ಊರಿನಲ್ಲಿ ಹುಟ್ಟುವ ನಮ್ಮ ಮೊಮ್ಮಕ್ಕಳೇ ಆ ಹೊಸಬರು.